ಕೃಷ್ಣವಿಷಾಣೆಯೂ ಕೃಷಿಯೂ

ನೆಲವನ್ನು ಕೆದಕದೆ ಬೆಳೆಯಿಲ್ಲ. ಕೆದಕುವುದಕ್ಕೆ ಮನುಷ್ಯನ ಕೈಗಿಂತ ಗಟ್ಟಿಯಾದುದೊಂದು ಬೇಕು. ಆ ಗಟ್ಟಿಯಾದುದನ್ನು ಆತನು ಮೊದಲು ತನ್ನ ಸುತ್ತಮುತ್ತ ದೊರೆತುದರಲ್ಲಿಯೇ ಹುಡುಕಿಕೊಂಡನು. ಮರದ ಕೊಂಬೆ, ಹೊಳೆಯ ಕಲ್ಲು, ಸತ್ತ ಪಶುವಿನ ಎಲುಬು, ಕಾಡುಮೃಗದ ಕೋಡು, ಇವೇ ಒಕ್ಕಲುತನದ ಆದಿಸಾಧನಗಳು. ಲೋಹಗಳ ಉಪಯೋಗವು ತಿಳಿದ ಬಳಿಕ ಇವು ಹಿಂದೆ ಸರಿದುದು ಸಹಜವೇ. ಆದರೆ ಕಬ್ಬಿಣವು ಬಂದ ದಿನವೇ ಕೋಡೂ ಎಲುಬೂ ಹೊಲವನ್ನು ಬಿಟ್ಟವೆಂದು ತಿಳಿಯಕೂಡದು. ರೋಮಕ ಸಾಮ್ರಾಜ್ಯವು ತನ್ನ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿಯೂ ಅದರ ವಾಯವ್ಯದ ಅಂಚಿನಲ್ಲಿದ್ದ ಬ್ರಿಟನ್ ದ್ವೀಪದ ಜನರು ಜಿಂಕೆಯ ಕೋಡಿನ ಗುದ್ದಲಿಯಿಂದಲೂ ಕೋಡಿನ ಹಲುಬೆಯಿಂದಲೂ ಮಣ್ಣನ್ನು ಕೆದಕುತ್ತಿದ್ದರು. ಅದೇ ಶತಮಾನಗಳಲ್ಲಿ ಶಾತವಾಹನರ ಆಳಿಕೆಯಲ್ಲಿದ್ದ ಕುಂತಲದೇಶದಲ್ಲಿ ಕೋಡಿನ ಗತಿಯೇನಾಗಿತ್ತು? ಅದು ಎಂದಾದರೂ ಇಲ್ಲಿಯ ಹೊಲದಲ್ಲಿ ಕೆಲಸಮಾಡಿತ್ತೆ? ಮಾಡಿದ್ದರೆ ಅದರ ಕುರುಹು ಎಲ್ಲಿ ಉಳಿದಿದೆ? ಈ ಪ್ರಶ್ನೆಗಳು ಚಿಕ್ಕವಾಗಿ ಕಂಡರೂ ಇವುಗಳ ಉತ್ತರವು ಈ ನಾಡಿನ ಇತಿಹಾಸವನ್ನು ಎಲ್ಲಿ ಹುಡುಕಬೇಕೆಂಬುದನ್ನು ತಿಳಿಸಿಕೊಡುವಂಥದಾಗಿದೆ.

ಮೊದಲು ಕೋಡೆಂದರೇನೆಂಬುದನ್ನು ವಿಚಾರಿಸುವುದು ಅವಶ್ಯ. ಕನ್ನಡದಲ್ಲಿ ಎತ್ತಿನದೂ ಕೋಡೇ, ಕಡವೆಯದೂ ಕೋಡೇ, ಚಿಗರಿಯದೂ ಕೋಡೇ. ಆದರೆ ಇವುಗಳ ಪದಾರ್ಥವು ಒಂದೇ ಅಲ್ಲ. ಕಡವೆ, ಚುಕ್ಕೆಜಿಂಕೆ ಮೊದಲಾದ ಮೃಗಗಳ ಕೋಡು ಕವಲೊಡೆದುದು. ಅದು ಒಳಹೊರಗೆಲ್ಲ ಎಲುಬೇ. ಕಾಲಕಾಲಕ್ಕೆ ಅದು ತಾನಾಗಿಯೇ ಕಳಚಿಬಿದ್ದು ಮತ್ತೆ ಹೊಸದಾಗಿ ಬೆಳೆಯುತ್ತದೆ. ಎತ್ತು, ಎಮ್ಮೆ, ಟಗರು, ಚಿಗರಿಗಳ ಕೋಡು ಹಾಗಲ್ಲ. ಅದು ಕವಲೊಡೆಯದು, ಕಳಚಿಬೀಳದು. ಒಳಗೆ ಎಲುಬಿನ ತಿರುಳು, ಹೊರಗೆ ಉಗುರು-ಗೊರಸುಗಳ ಜಾತಿಯ ಪದಾರ್ಥದ ಒರೆ, ಹೀಗೆ ಎರಡು ಭಾಗಗಳಿಂದ ಅದು ಆಗಿರುತ್ತದೆ. ಮುಂದೆ ಹೇಳತಕ್ಕ ವಿಷಯಕ್ಕೆ ಈ ಭೇದವೇ ಆಧಾರವಾದುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಳಚಿಬಿದ್ದ ಜಿಂಕೆಗೋಡನ್ನು ನೆಲ ಅಗೆಯಲು ಬಳಸುವ ರೂಢಿ ಬ್ರಿಟನ್ನಿನಲ್ಲಿ ರೋಮಕರಿಗಿಂತ ಬಹಳ ಹಿಂದಿನದು. ಆ ದ್ವೀಪದ ಪೂರ್ವಭಾಗದ ಗ್ರೈಮ್ಸ್ ಗ್ರೇವ್ಸ್ ಎಂಬಲ್ಲಿ ಸುಮಾರು 4,600 ವರ್ಷಗಳ ಹಿಂದೆ ಜನರು ಸುಣ್ಣಗಲ್ಲಿನ ನೆಲದಲ್ಲಿ ಆಳವಾದ ಗುಂಡಿಗಳನ್ನು ತೋಡಿ ಚಕಮಕಿಕಲ್ಲನ್ನು ತೆಗೆಯುತ್ತಿದ್ದರು. ಗ್ರೀನ್‌ವೆಲ್ ಎಂಬ ಪಾದ್ರಿಯು 1868ರಿಂದ 1870ರ ವರೆಗೆ ಅಲ್ಲಿಯ ಒಂದು ಗುಂಡಿಯನ್ನು ಶೋಧಿಸಿದಾಗ ಆ ಕಾಲದ ಕೆಲಸಗಾರರು ಬಿಟ್ಟುಹೋದ ಕೋಡಿನ ಗುದ್ದಲಿಗಳು ಹೇರಳವಾಗಿ ದೊರೆತವು. ಅವುಗಳಲ್ಲಿ ಹೆಚ್ಚಿನವು ಬೇಟೆಯಾಡಿ ತಂದವಲ್ಲ, ಕಾಡಿನಲ್ಲಿ ಬಿದ್ದುದನ್ನು ಆಯ್ದು ತಂದವು. ಕ್ರಿ. ಶ. 43ರಲ್ಲಿ ರೋಮಕರು ಆ ದ್ವೀಪಕ್ಕೆ ದಂಡೆತ್ತಿ ಬಂದರು. ಅವರ ಸಂಗಡ ಕಬ್ಬಿಣದ ಕುಳ, ಸಲಿಕೆ, ಕುಡುಗೋಲುಗಳೂ ಬಂದವು. ವಾರೋ ಮತ್ತು ಕೊಲುಮೆಲ್ಲಾ ಎಂಬ ರೋಮಕ ಗ್ರಂಥಕಾರರು ಒಕ್ಕಲುತನದ ಮೇಲೆ ಬರೆದ ಗ್ರಂಥಗಳು ಇಂದಿಗೂ ಉಳಿದಿವೆ. ಕೃಷಿವಿದ್ಯೆಯಲ್ಲಿ ಆ ಜನರು ಹಿಂದುಳಿದವರಾಗಿರಲಿಲ್ಲ. ಹೀಗಿದ್ದೂ ಬ್ರಿಟನ್ನಿನ ರೋಮಕಕಾಲದ ನೆಲೆಗಳಲ್ಲಿ ಕಬ್ಬಿಣದ ಸಾಧನಗಳ ಜೊತೆಗೆ ಕೋಡಿನ ಸಾಧನಗಳೂ ಸಿಕ್ಕಿವೆ. ದಪ್ಪವಾದ ಕೋಡಿನ ಬುಡಕ್ಕೆ ತೂತು ಕೊರೆದು ಮರದ ಕಾವು ತೊಡಿಸಿ, ಕವಲುಗಳನ್ನೇ ಹಲ್ಲುಗಳನ್ನಾಗಿ ಬಿಟ್ಟರೆ ಅದು ಕೈಹಲುಬೆ. ಒಂದೇ ಮೊನೆಯನ್ನು ಬಿಟ್ಟರೆ ಅದು ಗುದ್ದಲಿ. ಶ್ಯಾನ್ ರೀಸ್ ಎಂಬ ವಿದುಷಿಯು 1979ರಲ್ಲಿ ಆ ದ್ವೀಪದ ಪ್ರಾಚೀನ ಹಾಗೂ ರೋಮಕಕಾಲದ ಕೃಷಿಸಾಧನಗಳ ವಿಷಯವಾಗಿ ಪ್ರಕಟಿಸಿದ ವಿಸ್ತಾರವಾದ ಗ್ರಂಥವೊಂದು ಪ್ರಸಿದ್ಧವಾಗಿದೆ.

ಕಬ್ಬಿಣವಿದ್ದೂ ಕೋಡನ್ನು ಬಿಡದಿರಲು ಕಾರಣವನ್ನು ಊಹಿಸುವುದು ಕಠಿಣವಲ್ಲ. ಅಲ್ಲಿಯ ಕೆಂಜಿಂಕೆಯು ವರ್ಷಕ್ಕೊಮ್ಮೆ ವಸಂತದ ಸುಮಾರಿಗೆ ಕೋಡನ್ನು ಕಳಚುತ್ತದೆ. ಅದನ್ನು ಆಯ್ದು ತರುವುದಕ್ಕೆ ಹಣ ಬೇಡ, ಕಮ್ಮಾರನ ಕುಲುಮೆ ಬೇಡ. ಪೆಟ್ಟಿಗೆ ಅದು ಸುಲಭವಾಗಿ ಸೀಳುವುದಿಲ್ಲ, ತೇವಕ್ಕೆ ತುಕ್ಕು ಹಿಡಿಯುವುದಿಲ್ಲ. ಸೃಷ್ಟಿಯೇ ಹಲ್ಲುಗಳನ್ನು ಮಾಡಿಕೊಟ್ಟಿರುವಾಗ ಒಕ್ಕಲಿಗನು ಕಾವು ತೊಡಿಸಿದರೆ ತೀರಿತು. ಒಕ್ಕಲಿಗನು ಯಾವ ದೇಶದಲ್ಲಿಯೂ ಹೊಸದೆಂಬ ಮಾತ್ರಕ್ಕೆ ಹೊಸದನ್ನು ಹಿಡಿಯುವವನಲ್ಲ. ಹಳೆಯದು ಕೆಲಸ ಕೊಡುವ ವರೆಗೆ ಅದನ್ನು ಬಿಡುವವನೂ ಅಲ್ಲ.

ಭಾರತದಲ್ಲಿಯೂ ಕೋಡಿನ ಸಾಧನಗಳು ಇಲ್ಲದಿಲ್ಲ. ಬಿಹಾರ ಪ್ರಾಂತದ ಸಾರಣ ಜಿಲ್ಲೆಯಲ್ಲಿ ಗಂಗೆಯ ದಂಡೆಯ ಮೇಲಿರುವ ಚಿರಾಂದ್ ಎಂಬ ಗ್ರಾಮದ ದಿಬ್ಬದಲ್ಲಿ 1960ರ ದಶಕದಿಂದ ನಡೆದ ಉತ್ಖನನವು ನೂತನಶಿಲಾಯುಗದ ಜನವಸತಿಯೊಂದನ್ನು ಬೆಳಕಿಗೆ ತಂದಿತು. ಎಲುಬು ಮತ್ತು ಜಿಂಕೆಗೋಡುಗಳಿಂದ ಮಾಡಿದ ಉಪಕರಣಗಳ ಸಂಗ್ರಹದಲ್ಲಿ ಆ ದಿಬ್ಬಕ್ಕೆ ಸಮನಾದುದು ಈ ದೇಶದಲ್ಲಿ ವಿರಳ. ಅಲ್ಲಿಯ ಮೆಕ್ಕಲು ಬಯಲಿನಲ್ಲಿ ಕಲ್ಲು ದುರ್ಲಭ. ಆದುದರಿಂದ ಕಲ್ಲಿನ ಕೆಲಸವನ್ನು ಕೋಡು ಮಾಡಿತು. ಕರ್ನಾಟಕದ ಸ್ಥಿತಿ ಇದಕ್ಕೆ ವಿಪರೀತ. ಇಲ್ಲಿ ಎಲ್ಲಿ ನೋಡಿದರೂ ಕಲ್ಲೇ. ಬ್ರಹ್ಮಗಿರಿ, ಸಂಗನಕಲ್ಲು, ಹಳ್ಳೂರು ಮೊದಲಾದೆಡೆಗಳ ಆದಿ ಒಕ್ಕಲಿಗರು ನುಣುಪಾಗಿ ಉಜ್ಜಿದ ಕಲ್ಲುಗೊಡಲಿಗಳಿಂದ ಮರ ಕಡಿದು ನೆಲವನ್ನು ಹಸನುಮಾಡಿ ಹುರುಳಿ, ಹೆಸರು, ಕೊರಲೆ ಮುಂತಾದುವನ್ನು ಬೆಳೆದರೆಂಬುದು ಸುಟ್ಟು ಕರಿಕಾದ ಕಾಳುಗಳಿಂದ ನಿಶ್ಚಯವಾಗಿದೆ. ಆ ಮೇಲೆ ಈ ನಾಡು ಕಬ್ಬಿಣವನ್ನು ಬಲು ಬೇಗನೆ ಅರಿತುಕೊಂಡಿತು. 1947ರಲ್ಲಿ ವ್ಹೀಲರ್ ಸಾಹೇಬರು ಬ್ರಹ್ಮಗಿರಿಯಲ್ಲಿ ಶೋಧಿಸಿದ ಬೃಹತ್-ಶಿಲಾಸಮಾಧಿಗಳಲ್ಲಿ ಸತ್ತವರ ಸಂಗಡ ಇಟ್ಟ ಕಬ್ಬಿಣದ ಕುಡುಗೋಲುಗಳೂ ಇದ್ದುವು. ಸತ್ತವನ ಜೊತೆಗೆ ಕುಡುಗೋಲನ್ನು ಕಳುಹಿಸಿದ ಜನಕ್ಕೆ ಕುಡುಗೋಲು ಎಷ್ಟು ಪ್ರಿಯವಾಗಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೋಮಕರ ಸಂಪರ್ಕವು ಈ ನಾಡಿಗೆ ಬಂದುದು ಇದಾದ ಬಳಿಕ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. 1891ರಲ್ಲಿ ಬೆಂಗಳೂರಿನ ಹತ್ತಿರದ ಯಶವಂತಪುರದಲ್ಲಿ ಅಂಥವೇ 163 ನಾಣ್ಯಗಳ ನಿಧಿಯೊಂದು ಸಿಕ್ಕಿತು. ಬೆಳಗಾವಿಗೆ ಉತ್ತರದಲ್ಲಿ ಕೊಲ್ಹಾಪುರದ ಬ್ರಹ್ಮಪುರಿಯ ದಿಬ್ಬದಲ್ಲಿ 1940ರ ದಶಕದಲ್ಲಿ ರೋಮಕರ ಕಂಚಿನ ಮೂರ್ತಿ ಮತ್ತು ಪಾತ್ರೆಗಳು ಸಿಕ್ಕುವು. ಎರಡನೆಯ ಶತಮಾನದ ಟಾಲೆಮಿಯು ತನ್ನ ಭೂಗೋಲಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಆದರೆ ಆ ಹಡಗುಗಳಲ್ಲಿ ಬಂದುದೇನು? ಭೃಗುಕಚ್ಛಕ್ಕೆ ಬರುತ್ತಿದ್ದ ಸರಕುಗಳನ್ನು ಒಂದನೆಯ ಶತಮಾನದ ನಾವಿಕನೊಬ್ಬನು ಬರೆದಿಟ್ಟಿದ್ದಾನೆ. ದ್ರಾಕ್ಷಾಮದ್ಯ, ತಾಮ್ರ, ತವರ, ಸೀಸ, ಹವಳ, ನಾಣ್ಯ ಇವೇ ಅದರಲ್ಲಿ ಮುಖ್ಯವಾದುವು. ರೋಮಕರ ಗುದ್ದಲಿಯನ್ನು ತರಿಸಿಕೊಳ್ಳುವ ಗರಜು ಇಲ್ಲಿಯ ಒಕ್ಕಲಿಗನಿಗಿರಲಿಲ್ಲ. ಅವನಿಗೆ ಕಮ್ಮಾರನು ಊರಲ್ಲಿಯೇ ಇದ್ದನು, ಬಡಿಗನೂ ಇದ್ದನು; ಹೊಲದ ಬದುವಿನ ಮೇಲೆ ಜಾಲಿಯ ಮರವಿದ್ದಿತು.

ಹಾಗಾದರೆ ಇಲ್ಲಿ ಕೋಡು ಹೊಲದ ಸಾಧನವಾಗಿರಲೇ ಇಲ್ಲವೆ? ದಿಬ್ಬಗಳ ಸಾಕ್ಷ್ಯವೊಂದನ್ನೇ ನಂಬಿದರೆ ಹಾಗೆಂದು ಹೇಳಬೇಕಾದೀತು. ಸಂಸ್ಕೃತಕೋಶಗಳೂ ಅದನ್ನೇ ಹೇಳುವಂತಿವೆ. ಅಮರಸಿಂಹನು ವೈಶ್ಯವರ್ಗದಲ್ಲಿ ಲಾಂಗಲ, ಖನಿತ್ರ, ದಾತ್ರಗಳನ್ನು ಪರ್ಯಾಯಪದಗಳೊಡನೆ ಎಣಿಸುತ್ತಾನೆ. ಕೋಡಿನ ಸಾಧನಕ್ಕೆ ಅಲ್ಲಿ ಸ್ಥಾನವಿಲ್ಲ. ಆದರೆ ಇಲ್ಲಿ ಮೇಲೆ ಹೇಳಿದ ಪದಾರ್ಥಭೇದವನ್ನು ನೆನೆಯಬೇಕು. ಮಲಪ್ರಭೆಯ ಎರಡೂ ದಂಡೆಗಳ ಎರೆಬಯಲು ಕಡವೆಯ ನೆಲೆಯಲ್ಲ. ಕಡವೆಯು ಪಶ್ಚಿಮದ ಖಾನಾಪುರದ ಕಡೆಯ ದಟ್ಟಡವಿಯ ಪ್ರಾಣಿ. ಬಯಲುಸೀಮೆಯ ಮೃಗವೆಂದರೆ ಚಿಗರಿ, ಅರ್ಥಾತ್ ಕೃಷ್ಣಸಾರ. ಅದರ ಕೋಡಿನ ಹೊರಗಿನ ಒರೆಯು ಮಣ್ಣಿನಲ್ಲಿ ಬಹುಕಾಲ ಉಳಿಯುವಂಥದಲ್ಲ, ಉಗುರಿನಂತೆ ಕೊಳೆತುಹೋಗುತ್ತದೆ. ಇದಕ್ಕೆ ಈ ಜಿಲ್ಲೆಯಲ್ಲಿಯೇ ಒಂದು ನಿದರ್ಶನವುಂಟು. ಗೋಕಾಕದ ಹತ್ತಿರ ಘಟಪ್ರಭೆಯ ಕಣಿವೆಯಲ್ಲಿ ದೊರೆತ ಅತಿ ಪ್ರಾಚೀನವಾದ ಖಡ್ಗಮೃಗದ ಅವಶೇಷಗಳನ್ನು ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ವರ್ಣಿಸಿದರು. ಎಲುಬು ಉಳಿದಿತ್ತು, ಹಲ್ಲು ಉಳಿದಿತ್ತು. ಯಾವುದರಿಂದ ಆ ಮೃಗಕ್ಕೆ ಖಡ್ಗವೆಂಬ ಹೆಸರು ಬಂದಿತೋ ಆ ಕೋಡು ಮಾತ್ರ ಇರಲಿಲ್ಲ. ಅದೂ ಉಗುರಿನ ಜಾತಿಯದೇ. ಆದುದರಿಂದ ಬ್ರಿಟನ್ನಿನ ದಿಬ್ಬವು ಕೋಡಿನ ಗುದ್ದಲಿಯನ್ನು ಕೊಟ್ಟಿತು, ಇಲ್ಲಿಯ ದಿಬ್ಬವು ಕೊಡಲಿಲ್ಲವೆಂಬ ಮಾತ್ರಕ್ಕೆ ಅಲ್ಲಿ ಇತ್ತು, ಇಲ್ಲಿ ಇರಲಿಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. ಅಲ್ಲಿಯ ಕೋಡು ಎಲುಬು, ಅದು ಬಾಳಿತು. ಇಲ್ಲಿಯ ಕೋಡು ಒರೆ, ಅದು ಕರಗಿತು.

ಮಣ್ಣು ಸಾಕ್ಷ್ಯವನ್ನು ಹೇಳದಿರುವಲ್ಲಿ ಬೇರೊಂದು ಸಾಕ್ಷಿಯನ್ನು ಕರೆಯಬೇಕಾಗುತ್ತದೆ. ಆ ಸಾಕ್ಷಿಯು ವೈದಿಕರ ಶ್ರೌತಕರ್ಮ. ಯಜ್ಞಶಾಲೆಯಲ್ಲಿ ಲೋಕವು ಬಿಟ್ಟುಬಿಟ್ಟ ಪುರಾತನ ಪದ್ಧತಿಗಳು ಎಷ್ಟೋ ಉಳಿದುಕೊಂಡಿವೆ. ಊರೆಲ್ಲ ಬೆಂಕಿಪೆಟ್ಟಿಗೆಯಿಂದ ಒಲೆ ಹೊತ್ತಿಸಿದರೂ ಅಲ್ಲಿ ಅರಣಿಯ ಮಥನದಿಂದಲೇ ಅಗ್ನಿಯು ಹುಟ್ಟಬೇಕು. ಅಗ್ನಿಚಯನದಲ್ಲಿ ಮಣ್ಣನ್ನು ಅಗೆಯುವ ಅಭ್ರಿಯು ಬಿದಿರಿನದು. ಚಿತಿಯ ಸ್ಥಾನವನ್ನು ಉಳುವ ನೇಗಿಲು ಅತ್ತಿಯ ಮರದ್ದು. ಉತ್ತ ಆ ನೆಲದಲ್ಲಿ ಧಾನ್ಯಗಳನ್ನು ಬಿತ್ತುವುದೂ ಕರ್ಮದ ಒಂದು ಅಂಗ. ದರ್ಶಪೂರ್ಣಮಾಸದಲ್ಲಿ ವೇದಿಗೆ ಹಾಸುವ ಬರ್ಹಿಸ್ಸನ್ನು ಕೊಯ್ಯುವ ವಿಧಿಯಂತೂ ಪ್ರಕೃತವಿಷಯಕ್ಕೆ ಅತ್ಯಂತ ಉಪಯುಕ್ತವಾಗಿದೆ. ಆಪಸ್ತಂಬರ ಶ್ರೌತಸೂತ್ರವು ದರ್ಭೆ ಕೊಯ್ಯುವುದಕ್ಕೆ ಮೂರು ಸಾಧನಗಳನ್ನು ವಿಕಲ್ಪವಾಗಿ ಹೇಳುತ್ತದೆ: ಅಸಿದ ಎಂಬ ಕುಡುಗೋಲು, ಕುದುರೆಯ ಪಕ್ಕೆಲುಬು, ಇಲ್ಲವೆ ಎತ್ತಿನ ಪಕ್ಕೆಲುಬು. ಬಾಗಿದ ಪಕ್ಕೆಲುಬಿನ ಆಕಾರವನ್ನು ಬಲ್ಲವರಿಗೆ ಅದು ಕುಡುಗೋಲಿನ ಪೂರ್ವಜನೆಂಬುದನ್ನು ವಿವರಿಸಬೇಕಾಗಿಲ್ಲ. ಕಬ್ಬಿಣವು ಬಂದಿದ್ದಿತು, ಎಲುಬು ಇನ್ನೂ ಹೋಗಿರಲಿಲ್ಲ, ಸೂತ್ರಕಾರರು ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದರು. ಬ್ರಿಟನ್ನಿನ ನೆಲೆಗಳಲ್ಲಿ ಕಬ್ಬಿಣದ ಸಲಿಕೆಯೂ ಕೋಡಿನ ಗುದ್ದಲಿಯೂ ಒಟ್ಟಿಗೆ ಸಿಕ್ಕುವ ಸ್ಥಿತಿಗೂ ಇದಕ್ಕೂ ಸಾಮ್ಯವು ಸ್ಪಷ್ಟವಾಗಿದೆ.

ಇನ್ನು ಕೋಡಿನ ವಿಷಯ. ಸೋಮಯಾಗದಲ್ಲಿ ದೀಕ್ಷೆಯನ್ನು ವಹಿಸುವ ಯಜಮಾನನಿಗೆ ಕೃಷ್ಣಾಜಿನ, ಮುಂಜದ ಮೇಖಲೆ, ಅತ್ತಿಯ ದಂಡಗಳ ಜೊತೆಗೆ ಒಂದು ಕೃಷ್ಣವಿಷಾಣೆಯನ್ನು, ಎಂದರೆ ಚಿಗರಿಯ ಕೋಡನ್ನು ಕೊಡುವ ವಿಧಿಯುಂಟು. ಅದು ಮೂರು ಅಥವಾ ಐದು ಸುರುಳಿಗಳುಳ್ಳದ್ದಾಗಿರಬೇಕು. ಅದನ್ನು ಆತನು ವಸ್ತ್ರದ ಅಂಚಿಗೆ ಕಟ್ಟಿಕೊಳ್ಳುತ್ತಾನೆ. ದೀಕ್ಷಿತನು ಉಗುರಿನಿಂದ ಮೈ ತುರಿಸಿಕೊಳ್ಳಕೂಡದು. ತುರಿಸಿಕೊಳ್ಳುವುದಿದ್ದರೆ ಆ ಕೋಡಿನಿಂದಲೇ. ಆದರೆ ಅದರಿಂದ ಮೊದಲು ಮಾಡತಕ್ಕ ಕೆಲಸವು ತುರಿಸುವುದಲ್ಲ. ಅದರಿಂದ ಆತನು ನೆಲವನ್ನು ಗೀರಿ ಮಣ್ಣಿನ ಹೆಂಟೆಯನ್ನು ಎಬ್ಬಿಸುತ್ತಾನೆ. ಆಗ ಹೇಳುವ ಯಜುಸ್ಸಿನ ತಾತ್ಪರ್ಯವೇನೆಂದರೆ, ಕೃಷಿಗಾಗಿಯೂ ಒಳ್ಳೆಯ ಸಸ್ಯಸಂಪತ್ತಿಗಾಗಿಯೂ ಆ ಕೋಡನ್ನು ಪ್ರಯೋಗಿಸುತ್ತೇನೆಂಬುದು. ತೈತ್ತಿರೀಯ ಮತ್ತು ವಾಜಸನೇಯ ಎಂಬ ಎರಡೂ ಶಾಖೆಗಳಲ್ಲಿ ಪಾಠವು ಬೇರೆಯಾದರೂ ಅಭಿಪ್ರಾಯವು ಒಂದೇ. ಬಳಿಕ ಫಲಭರಿತವಾದ ಓಷಧಿಗಳಿಗಾಗಿ ಎಂದು ಹೇಳಿ ಮೈಯನ್ನು ಮುಟ್ಟಿಕೊಳ್ಳುತ್ತಾನೆ. ಯಾಗದಲ್ಲಿ ದಕ್ಷಿಣೆಗಳನ್ನು ಕೊಟ್ಟಾದ ಮೇಲೆ ಆ ಕೋಡನ್ನು ಚಾತ್ವಾಲವೆಂಬ ಗುಂಡಿಯಲ್ಲಿ ಎಸೆದುಬಿಡುತ್ತಾನೆ.

ಈ ಕೋಡಿನ ಉತ್ಪತ್ತಿಯನ್ನು ಬ್ರಾಹ್ಮಣಭಾಗಗಳು ಇಂದ್ರನ ಕಥೆಯೊಂದರಿಂದ ವಿವರಿಸುತ್ತವೆ. ಯಜ್ಞ-ದಕ್ಷಿಣೆಯರ ಸಮಾಗಮದಿಂದ ತಾನೇ ಹುಟ್ಟಿಬಂದ ಇಂದ್ರನು, ತನ್ನಂತೆ ಮತ್ತೊಬ್ಬನು ಅಲ್ಲಿ ಹುಟ್ಟಬಾರದೆಂದು ಆ ಜನ್ಮಸ್ಥಾನವನ್ನೇ ತೆಗೆದು ಮೃಗಗಳಲ್ಲಿ ಇರಿಸಿದನು. ಅದೇ ಕೃಷ್ಣವಿಷಾಣೆಯಾಯಿತೆಂದು ತೈತ್ತಿರೀಯರು ಹೇಳುತ್ತಾರೆ. ಕಥೆಯು ಕೋಡನ್ನು ಉತ್ಪತ್ತಿಸ್ಥಾನವೆಂದು ಎಣಿಸುತ್ತದೆ, ಮಂತ್ರವು ಅದನ್ನು ಕೃಷಿಗೆ ಹಚ್ಚುತ್ತದೆ. ಮೈ ತುರಿಸುವ ಕಡ್ಡಿಯೊಂದಕ್ಕೆ ಕೃಷಿಯ ಮಂತ್ರವೇಕೆ? ಅದರಿಂದ ಹೆಂಟೆಯನ್ನೆಬ್ಬಿಸುವುದೇಕೆ? ಯಾವುದೋ ಕಾಲದಲ್ಲಿ, ಯಾವುದೋ ಸೀಮೆಯಲ್ಲಿ ಜನರು ಆ ಮೊನಚಾದ ಗಟ್ಟಿ ಕೋಡಿನಿಂದ ನೆಲವನ್ನು ಕೆದಕಿ ಬೀಜವನ್ನು ಊರುತ್ತಿದ್ದರೆಂದೂ, ಹೊಲಕ್ಕೆ ನೇಗಿಲು ಬಂದ ಮೇಲೆ ಕೋಡು ವೇದಿಯನ್ನು ಸೇರಿತೆಂದೂ ಊಹಿಸಿದರೆ ಈ ಪ್ರಶ್ನೆಗಳಿಗೆ ಸರಳವಾದ ಸಮಾಧಾನವು ದೊರೆಯುತ್ತದೆ.

ಇದು ಊಹೆಯೇ ಹೊರತು ಸಿದ್ಧಾಂತವಲ್ಲವೆಂಬುದನ್ನೂ ಹೇಳಲೇಬೇಕು. ವಿಧಿಯಲ್ಲಿ ಕೋಡು ನೆಲವನ್ನು ಗೀರುವುದು ಒಂದು ಸಂಕೇತಮಾತ್ರವೆಂದು ವಾದಿಸುವವರಿಗೆ ಅವಕಾಶವಿದೆ. ಮೃಗವು ಕೋಡಿನಿಂದ ನೆಲವನ್ನು ಗೀರುವುದನ್ನು ಕಂಡು ಮನುಷ್ಯನು ಅದನ್ನು ಅನುಕರಿಸಿದನೆಂದೂ ಹೇಳಬಹುದು. ಶ್ರುತಿಯು ಹುಟ್ಟಿದ ಸೀಮೆಯು ಉತ್ತರದ್ದೆಂಬ ಆಕ್ಷೇಪವೂ ನ್ಯಾಯವಾದುದೇ. ಆದುದರಿಂದ ಮಲಪ್ರಭೆಯ ಒಕ್ಕಲಿಗನು ಚಿಗರಿಯ ಕೋಡಿನಿಂದ ಹೊಲವನ್ನು ಕೆದಕಿದನೆಂದು ಈ ಮಂತ್ರದಿಂದ ಸಾಧಿಸಲು ಬರುವುದಿಲ್ಲ. ಆದರೆ ಪಕ್ಕೆಲುಬಿನಿಂದ ದರ್ಭೆಯನ್ನು ಕೊಯ್ಯುವುದು ಸಂಕೇತವಲ್ಲ, ನಿಜವಾದ ಕೊಯ್ಲು. ಅದು ಹಳೆಯ ಸಾಧನದ ಶೇಷವಾಗಿದ್ದರೆ ಕೋಡೂ ಅಂಥ ಶೇಷವಾಗಿರುವುದು ಅಸಂಭವವಲ್ಲ.

ಈ ವಿಧಿಯು ಕುಂತಲದೇಶಕ್ಕೆ ಬಂದು ನೆಲೆಸಿತೆಂಬುದಕ್ಕೆ ಮಾತ್ರ ಊಹೆಯ ಗರಜಿಲ್ಲ. ಶಾತವಾಹನರ ರಾಣಿಯಾದ ನಾಗನಿಕೆಯ ನಾಣೇಘಾಟದ ಶಾಸನವು ಆ ವಂಶದವರು ಮಾಡಿದ ಶ್ರೌತಯಜ್ಞಗಳನ್ನೂ ಕೊಟ್ಟ ದಕ್ಷಿಣೆಗಳನ್ನೂ ಉದ್ದವಾಗಿ ಪಟ್ಟಿಮಾಡುತ್ತದೆ. ಅದಕ್ಕಿಂತ ಸಮೀಪದ ಸಾಕ್ಷಿಯು ಬೆಳಗಾವಿಯ ಮಗ್ಗುಲಲ್ಲಿಯೇ ಇದೆ. ವಡಗಾವಿ-ಮಾಧವಪುರದಲ್ಲಿ 1970ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರವಾಗಿ ಡಾ. ಅ. ಸುಂದರ ಅವರು ನಡೆಸಿದ ಉತ್ಖನನವು ಶಾತವಾಹನಕಾಲದ ಇಟ್ಟಿಗೆಯ ಕಟ್ಟಡಗಳುಳ್ಳ ಪಟ್ಟಣವೊಂದನ್ನು ಬೆಳಕಿಗೆ ತಂದಿತು. ಆ ನೆಲೆಯಲ್ಲಿ ದೊರೆತ ಪ್ರಾಕೃತಭಾಷೆಯ ಬ್ರಾಹ್ಮೀ ಶಾಸನವು ವಾಜಪೇಯವೇ ಮೊದಲಾದ ವೈದಿಕಯಜ್ಞಗಳನ್ನು ಆಚರಿಸಿದ ಬ್ರಾಹ್ಮಣನೊಬ್ಬನನ್ನು ಸ್ಮರಿಸುತ್ತದೆ. ವಾಜಪೇಯವು ಸೋಮಯಾಗಗಳಲ್ಲೊಂದು, ದೀಕ್ಷೆಯಿಲ್ಲದೆ ಅದು ನಡೆಯದು, ದೀಕ್ಷೆಯಲ್ಲಿ ಕೃಷ್ಣವಿಷಾಣೆಯು ವಿಹಿತವಾದುದು. ಆದುದರಿಂದ ಬ್ರಿಟನ್ನಿನ ರೈತನು ಕೋಡಿನ ಹಲುಬೆಯಿಂದ ತನ್ನ ತೋಟದ ಮಣ್ಣನ್ನು ಹದಮಾಡುತ್ತಿದ್ದ ಸುಮಾರು ಅದೇ ಕಾಲದಲ್ಲಿ, ಬೆಳಗಾವಿಯ ಬಳಿಯ ಯಜಮಾನನೊಬ್ಬನು ಚಿಗರಿಯ ಕೋಡಿನಿಂದ ಹೆಂಟೆಯನ್ನೆಬ್ಬಿಸಿ ಒಳ್ಳೆಯ ಬೆಳೆಯನ್ನು ಬೇಡಿಕೊಂಡಿರಬೇಕು. ಒಂದೆಡೆ ಕೋಡು ಹೊಲದಲ್ಲಿ ದುಡಿಯುತ್ತಿದ್ದಿತು. ಇನ್ನೊಂದೆಡೆ ಹೊಲದ ನೆನಪನ್ನು ಹೊತ್ತು ವೇದಿಯಲ್ಲಿ ಕುಳಿತಿದ್ದಿತು. ಕೃಷ್ಣಸಾರವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುವು ವಿಧಿಸಿರುವುದನ್ನು ನೆನೆದರೆ, ಚಿಗರಿಗಳು ಅಡ್ಡಾಡುತ್ತಿದ್ದ ಈ ಎರೆಬಯಲು ಆ ಕರ್ಮಕ್ಕೆ ಪರಕೀಯವಾದ ನೆಲವಾಗಿರಲಿಲ್ಲವೆಂದು ತಿಳಿಯುತ್ತದೆ.

ಇಷ್ಟನ್ನೆಲ್ಲ ಹೇಳುವುದರ ಪ್ರಯೋಜನವೇನು? ಸಾಧನವೊಂದು ಬಳಕೆ ತಪ್ಪಿದಾಗ ಅದು ಉಳಿಯುವ ದಾರಿಗಳು ಎರಡೇ: ಮಣ್ಣು ಅದನ್ನು ಕಾಯಬೇಕು, ಇಲ್ಲವೆ ಮಾತು ಅದನ್ನು ಕಾಯಬೇಕು. ಸವದತ್ತಿಯ ಸೀಮೆಯಲ್ಲಿ ಇವೆರಡೂ ಈಗ ಸಂಕಟದಲ್ಲಿವೆ. ಹಳೆಯ ಜನವಸತಿಯ ದಿಬ್ಬಗಳ ಬೂದಿಮಿಶ್ರಿತವಾದ ಮಣ್ಣು ಸತ್ತ್ವವುಳ್ಳದ್ದೆಂದು, ಹಾಳುಮಣ್ಣೆಂಬ ಹೆಸರಿನಿಂದ ಅದನ್ನು ಗಾಡಿಗಳಲ್ಲಿ ಹೇರಿ ಹೊಲಗಳಿಗೆ ಹರಹುವ ರೂಢಿ ಉತ್ತರಕರ್ನಾಟಕದಲ್ಲಿ ಬಹಳ ದಿನಗಳಿಂದ ಉಂಟು. ಆ ಮಣ್ಣಿನೊಡನೆ ಮಡಕೆಯ ಚೂರು, ಬಳೆಯ ತುಂಡು, ಎಲುಬಿನ ಮೊನೆಗಳೂ ಹೋಗುತ್ತವೆ. ನಾಣ್ಯ ಸಿಕ್ಕರೆ ಎತ್ತಿಟ್ಟುಕೊಳ್ಳುವವರುಂಟು. ತೂತು ಕೊರೆದ ಕೋಡಿನ ತುಂಡನ್ನಾಗಲಿ, ಉಜ್ಜಿ ನುಣುಪಾದ ಎಲುಬನ್ನಾಗಲಿ ಎತ್ತಿ ನೋಡುವವರು ವಿರಳ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನಿಂತು ಒಣಹೊಲಗಳಿಗೆ ಜೀವ ಬಂದಿತು, ಕುಡಿಯುವ ನೀರೂ ಬಂದಿತು. ಅದು ದೊಡ್ಡ ಉಪಕಾರವೇ. ಆದರೆ ಹೊಳೆಯ ದಂಡೆಯ ಎಷ್ಟೋ ನೆಲವು ಆ ನೀರಿನ ಅಡಿಯಲ್ಲಿ ಹೋಯಿತು. ಪ್ರಾಚೀನಕಾಲದ ಒಕ್ಕಲುಗಳು ಹೊಳೆಯ ದಂಡೆಯನ್ನೇ ಹಿಡಿದು ಇರುತ್ತಿದ್ದುವೆಂಬುದನ್ನು ಮರೆಯಬಾರದು.

ಮಾತಿನ ಸ್ಥಿತಿಯೂ ಹೀಗೆಯೇ. ಉಗರಗೋಳದಿಂದ ಎಲ್ಲಮ್ಮನ ಗುಡ್ಡದ ಕೆಳಗಿನ ಹೊಲಗಳ ವರೆಗೆ, ಬೈಲಹೊಂಗಲ-ರಾಮದುರ್ಗಗಳ ವರೆಗೆ ರಂಟೆ, ಕುಂಟೆ, ಕೂರಿಗೆಗಳು ಒಂದು ತಲೆಮಾರಿನ ಹಿಂದೆ ಮನೆಮನೆಯ ಮಾತಾಗಿದ್ದುವು. ಯಂತ್ರದ ನೇಗಿಲು ಬಂದ ಮೇಲೆ ಅವು ಹಿತ್ತಿಲ ಗೋಡೆಗೆ ಒರಗಿದುವು. ಅಲ್ಲಿಂದ ಒಲೆಗೆ ಹೋದವೂ ಉಂಟು. ಇದಕ್ಕಾಗಿ ಒಕ್ಕಲಿಗನನ್ನು ದೂರುವುದು ಅನ್ಯಾಯ. ಕಬ್ಬಿಣ ಬಂದಾಗ ಕೋಡನ್ನು ಬಿಟ್ಟಂತೆಯೇ ಅವನು ಇದನ್ನೂ ಬಿಟ್ಟನು. ಆದರೆ ಮರದ ಕೂರಿಗೆಯು ಕೃಷ್ಣಸಾರದ ಕೋಡಿನಂತೆಯೇ ಮಣ್ಣಿನಲ್ಲಿ ಉಳಿಯತಕ್ಕದ್ದಲ್ಲ. ಅದನ್ನು ಕಾಯುವ ಯಾವ ಸೂತ್ರಕಾರನೂ ಹುಟ್ಟಿಲ್ಲ, ಅದಕ್ಕೆ ಯಾವ ವೇದಿಯೂ ಇಲ್ಲ. ನೊಗದಿಂದ ಕುಳದ ವರೆಗೆ ಅದರ ಒಂದೊಂದು ಅಂಗಕ್ಕೆ ಇರುವ ಹೆಸರನ್ನೂ, ಯಾವ ಮರದಿಂದ ಯಾವ ಭಾಗವನ್ನು ಮಾಡುತ್ತಿದ್ದರೆಂಬುದನ್ನೂ, ಯಾವ ಹದದಲ್ಲಿ ಹೂಡುತ್ತಿದ್ದರೆಂಬುದನ್ನೂ ಬಲ್ಲ ಮುದುಕರು ಇನ್ನೂ ಕೆಲವರು ಈ ಹಳ್ಳಿಗಳಲ್ಲಿದ್ದಾರೆ. ಪ್ರತಿಯೊಂದು ಊರಿನ ಶಾಲೆಯಲ್ಲಿ ಒಂದು ಮೂಲೆಯನ್ನು ಇವಕ್ಕಾಗಿ ಬಿಟ್ಟು, ಹೆಸರುಗಳನ್ನು ಮಕ್ಕಳ ಕೈಯಿಂದ ಬರೆಯಿಸಿದರೆ ಅದಕ್ಕೆ ತಗಲುವ ವೆಚ್ಚವು ಒಂದು ವಹಿ ಮತ್ತು ಒಂದು ಲೆಕ್ಕಣಿಕೆಯದು ಮಾತ್ರ.

ಎರಡು ಸಾವಿರ ವರ್ಷಗಳ ಹಿಂದಿನ ಬ್ರಿಟನ್ನಿನ ರೈತನ ಕೋಡಿನ ಹಲುಬೆಯು ಇಂದು ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಗ್ರಂಥಗಳು ಬರೆಯಲ್ಪಟ್ಟಿವೆ. ಇಲ್ಲಿಯ ಕೋಡಿನ ಕಥೆಯು ಯಜುಸ್ಸೊಂದರ ನಾಲ್ಕಾರು ಅಕ್ಷರಗಳಲ್ಲಿ ಉಳಿದು ಬಂದಿತು. ಕೂರಿಗೆಯ ಕಥೆಯು ಯಾವುದರಲ್ಲಿ ಉಳಿಯಬೇಕೆಂಬುದನ್ನು ನಿಶ್ಚಯಿಸುವ ಅವಧಿಯು, ಅದನ್ನು ಹಿಡಿದ ಕೈಗಳು ಬದುಕಿರುವಷ್ಟು ದಿನ ಮಾತ್ರ.